ನ್ಯಾಮತಿಯ ಶ್ಯಾವಿಗೆ ಬೂಬಮ್ಮ

ಅವರ ಮುಖವನ್ನು ನಾನು ಒಮ್ಮೆಯೂ ನೋಡಿಲ್ಲ. ಐದಾರು ವರ್ಷ ಒಂದೇ ಸೂರಿನ ಕೆಳಗೆ ಬದುಕಿದೆವು, ಒಂದೇ ಬಾವಿಯ ನೀರು ಕುಡಿದೆವು. ನನ್ನ ಮೊದಲ ಮಗಳು ಹುಟ್ಟಿದಾಗ ಅವಳನ್ನು ನನಗಿಂತ ಮೊದಲು ಎತ್ತಿಕೊಂಡವರು ಅವರೇ. ಆದರೂ ಅವರು ಕಪ್ಪಗಿದ್ದರೋ ಕೆಂಪಗಿದ್ದರೋ, ಮೂಗು ನೀಳವೋ ಮೊಂಡೋ ಎಂದು ಯಾರಾದರೂ ಕೇಳಿದರೆ ನಾನು ಹೆಂಡತಿಯ ಕಡೆ ತಿರುಗಬೇಕು. ಅವಳೋ ಮಾತಿನಲ್ಲಿ ಮಹಾ ಜಿಪುಣಿ. "ಚೆನ್ನಾಗಿದ್ರು" ಎಂದಷ್ಟೇ ಹೇಳಿ ಅಕ್ಕಿ ಆರಿಸತೊಡಗುತ್ತಾಳೆ.

ಮುಖ ನೋಡದವರ ಬಗ್ಗೆ ಬರೆಯಲು ಹೊರಟಿದ್ದೀಯಲ್ಲ, ನಿನ್ನದೆಂಥ ಧೈರ್ಯ ಎಂದು ನೀವು ಕೇಳಬಹುದು. ನನಗೆ ಅವರ ದನಿ ಗೊತ್ತು. ಮಣಿಕಟ್ಟಿನವರೆಗೆ ಕೈ ಗೊತ್ತು; ಗೋಣಿತಟ್ಟಿನ ಪರದೆಯ ಕೆಳಗಿನಿಂದ ತಟ್ಟೆಯನ್ನು ಈಚೆ ತಳ್ಳುವಾಗ ಅಷ್ಟು ಕಾಣುತ್ತಿತ್ತು. ಬೆರಳ ಸಂದಿಯಲ್ಲಿ ಯಾವಾಗಲೂ ಒಂದಿಷ್ಟು ಗೋಧಿ ಹಿಟ್ಟು ಅಂಟಿರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ನನ್ನ ಸೇವೆಗೆ ಆ ಊರಿನಲ್ಲಿ ಕಾಲೂರಲು ಜಾಗ ಸಿಕ್ಕಿದ್ದು ಯಾರಿಂದ ಎನ್ನುವುದು ನನಗೆ ಚೆನ್ನಾಗಿ ಗೊತ್ತು.

ನನ್ನನ್ನು ನ್ಯಾಮತಿಗೆ ಉಪದೇಶಿಯಾಗಿ ಕಳಿಸಿದ್ದು ಎರಡನೆಯ ದೊಡ್ಡ ಯುದ್ಧಕ್ಕೆ ಕೆಲವು ವರ್ಷ ಮೊದಲು. ಉಪದೇಶಿ ಎಂದರೆ ಪಾದ್ರಿಯಲ್ಲ. ಪಾದ್ರಿಗಳು ಯಾವಾಗಲಾದರೊಮ್ಮೆ ಬಂದುಹೋಗುತ್ತಾರೆ. ಉಳಿದ ದಿನಗಳಲ್ಲಿ ಪ್ರಾರ್ಥನೆ ನಡೆಸಿ, ಹಳ್ಳಿ ಸುತ್ತಿ, ಮಕ್ಕಳಿಗೆ ಅಕ್ಷರ ಹೇಳಿಕೊಟ್ಟು, ಕಾಯಿಲೆಯವರ ಪಕ್ಕ ಕೂತು ಬರುವ ಆಳು ಉಪದೇಶಿ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಒಂದು ಟ್ರಂಕು, ಒಂದು ಹಾರ್ಮೋನಿಯಂ, ಹೆಂಡತಿ, ನಾನು ಬಂದಿಳಿದೆವು. ಊರಿನಲ್ಲಿ ಖಾಲಿ ಮನೆಗಳೇನೋ ಇದ್ದವು, ಆದರೆ ನಮ್ಮನ್ನು ಕಂಡ ಕೂಡಲೇ ಅವಕ್ಕೆಲ್ಲ ನೆಂಟರು ಬರುವವರಿದ್ದರು. ಗೋವಿನಕೋವಿ ಕಡೆಯ ಕೇರಿಗಳ ಜನ ನನ್ನನ್ನು ಹುಡುಕಿಕೊಂಡು ಬರುತ್ತಾರೆ, ಜಗಲಿ ಮೇಲೆ ಕೂರುತ್ತಾರೆ, ಬಾವಿ ಮುಟ್ಟುತ್ತಾರೆ. ಅಸಲು ಕಾರಣ ಅದು. ಬಾಯಿಬಿಟ್ಟು ಯಾರೂ ಹೇಳಲಿಲ್ಲ; ನಾವೂ ಕೇಳಲಿಲ್ಲ.

ಸಂತೆಯಲ್ಲಿ ಯಾರೋ ಹೇಳಿದರು, ಮಸೀದಿ ಹಿಂದಿನ ಓಣಿಯಲ್ಲಿ ಶ್ಯಾವಿಗೆ ಮಾಡುವ ಬೂಬಮ್ಮನ ಮನೆ ಅರ್ಧ ಖಾಲಿ ಇದೆ ಎಂದು. ಗಂಡ ತೀರಿಕೊಂಡಿದ್ದ. ಮಕ್ಕಳಿಲ್ಲ. ಗೋಷಾ ಪದ್ಧತಿಯ ಹೆಂಗಸು, ಪರಗಂಡಸರ ಕಣ್ಣಿಗೆ ಬೀಳುವವರಲ್ಲ. ಹೋಗಿ ಬಾಗಿಲ ಹೊರಗೆ ನಿಂತೆವು. ಒಳಗಿನಿಂದ ದನಿ ಬಂತು.

"ಯಾರು ನೀವು?"

ಹೇಳಿದೆ. ಯಾವುದನ್ನೂ ಮುಚ್ಚಿಡಲಿಲ್ಲ. ಕೇರಿಯವರು ಬಂದುಹೋಗುತ್ತಾರೆ ಎಂಬುದನ್ನೂ ಹೇಳಿಬಿಟ್ಟೆ, ಆಮೇಲೆ ರಗಳೆ ಬೇಡ ಎಂದು.

"ಬಂದ್ರೆ ಏನಾಗ್ತೈತೆ?"

"ನೀರು ಸೇದ್ತಾರಮ್ಮ."

"ಬಾವಿ ಇರೋದು ಮತ್ತೇನಕ್ಕೆ? ಬಂದೋರ ಜಾತಿ ಕೇಳಾಕೆ ಆ ನೀರೇನು ನಾನು ಹುಟ್ಸಿದ್ನಾ?" ಒಳಗೆ ಮಣೆ ಸರಿಸಿದ ಸದ್ದಾಯಿತು. ಆಮೇಲೆ, "ಹಂದಿ ಮಾಂಸ ಮನೆಯೊಳಗೆ ತರಬ್ಯಾಡ್ರಿ. ಬಾಂಗ್ ಕೂಗೋ ಹೊತ್ನಾಗೆ ಪೆಟ್ಟಿಗೆ ಬಾರಿಸಬ್ಯಾಡ್ರಿ. ಹಿತ್ತಲಿಗೆ ಬರೋ ಮುಂಚೆ ಕೆಮ್ಮಿ ಬರ್ರಿ. ನಾನು ಒಳಗೆ ಹೋಗ್ತೀನಿ. ಅಷ್ಟೇಯ."

ಪೆಟ್ಟಿಗೆ ಎಂದರೆ ಹಾರ್ಮೋನಿಯಂ. ಹೀಗೆ ನಮ್ಮ ಕೆಲಸಕ್ಕೆ ನ್ಯಾಮತಿಯಲ್ಲಿ ಮನೆಯಾಯಿತು.

ಕೆಮ್ಮುವುದು ಅಭ್ಯಾಸವಾಗಿಬಿಟ್ಟಿತು. ಇವತ್ತಿಗೂ ಯಾರ ಮನೆಯ ಹಿತ್ತಲಿಗೆ ಹೋದರೂ ಮೊದಲು ಕೆಮ್ಮುತ್ತೇನೆ, ಹೆಂಡತಿ ನಗುತ್ತಾಳೆ. ಅವರ ಶ್ಯಾವಿಗೆ ಕೆಲಸವೆಲ್ಲ ನಡೆಯುತ್ತಿದ್ದದ್ದು ಆ ಹಿತ್ತಲಿನಲ್ಲೇ. ಮಣೆಯ ಮೇಲೆ ಹಿಟ್ಟು ಹೊಸೆದು ಹೊಸೆದು ನೂಲಿನಂತೆ ಎಳೆ ತೆಗೆದು ಅಡ್ಡಗೋಲುಗಳ ಮೇಲೆ ಇಳಿಬಿಡುತ್ತಿದ್ದರಂತೆ. ನಾನು ಕಂಡದ್ದು ಕೋಲುಗಳ ಮೇಲಿನ ಶ್ಯಾವಿಗೆಯನ್ನು ಮಾತ್ರ. ನಾನು ಕೆಮ್ಮಿದೊಡನೆ ಬಳೆಗಳ ಸದ್ದು, ಪರದೆ ಅಲುಗಿದ ಸದ್ದು, ಆಮೇಲೆ ಖಾಲಿ ಮಣೆ.

ಒಂದು ಚಳಿಗಾಲ ನನಗೆ ನಿಜವಾದ ಕೆಮ್ಮು ಹತ್ತಿಕೊಂಡಿತು. ಗೂರಲು ಕೆಮ್ಮು. ಜಗಲಿಯ ಮೇಲೆ ಕಂಬಳಿ ಹೊದ್ದು ಕೂತು ಬೆಳಗಿನಿಂದ ಕೆಮ್ಮಿದ್ದೇ ಕೆಮ್ಮಿದ್ದು. ಮಧ್ಯಾಹ್ನದ ಹೊತ್ತಿಗೆ ಪರದೆಯ ಕೆಳಗಿನಿಂದ ಒಂದು ಲೋಟ ಈಚೆ ಬಂತು. ಮೆಣಸು, ಶುಂಠಿ, ಇನ್ನೂ ಏನೇನೋ ಹಾಕಿ ಕುದಿಸಿದ ಕಷಾಯ.

"ಉಪದೇಶಿಗಳೆ, ಇದನ್ನ ಕುಡ್ದು ದಯಮಾಡಿ ಕೆಮ್ಮು ನಿಲ್ಸ್ರಿ. ಬೆಳಗ್ಗೆಯಿಂದ ನೀವು ಬಂದ್ರಿ, ಬಂದ್ರಿ ಅಂತ ಒಳಗೇ ಕೂತೀನಿ. ಅಲ್ಲಿ ಕಲಸಿಟ್ಟ ಹಿಟ್ಟು ಹುಳಿ ಬರಾಕೆ ಹತ್ತೈತೆ."

ನನ್ನ ಹೆಂಡತಿ ಒಲೆಯ ಮುಂದೆ ಬಿದ್ದು ಬಿದ್ದು ನಕ್ಕಳು. ಆಚೆ ಕಡೆಯೂ ಯಾರೋ ಸೆರಗು ಬಾಯಿಗೆ ತುರುಕಿಕೊಂಡು ನಕ್ಕ ಹಾಗೆ ಕೇಳಿಸಿತು. ಕಷಾಯ ಮಾತ್ರ ಕಡು ಖಾರ. ಕೆಮ್ಮು ಹೆದರಿ ಓಡಿಹೋಯಿತು.

ಶನಿವಾರ ಸಂಜೆ ನಾನು ಮರುದಿನದ ಪ್ರಾರ್ಥನೆಯಲ್ಲಿ ಹೇಳಬೇಕಾದ ಪ್ರಸಂಗವನ್ನು ಗಟ್ಟಿಯಾಗಿ ಹೇಳಿ ರೂಢಿ ಮಾಡಿಕೊಳ್ಳುತ್ತಿದ್ದೆ. ಗೋಡೆ ಮಣ್ಣಿನದು, ಅದೂ ಮಾಡಿಗೆ ಮುಟ್ಟಿರಲಿಲ್ಲ. ನನ್ನ ಮೊದಲ ಶ್ರೋತೃ ಅವರೇ ಆಗಿದ್ದರು. ನಮ್ಮ ನಂಬಿಕೆಯ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಅದು ನಿಮ್ಮದು, ಇದು ನಮ್ಮದು ಎನ್ನುವುದು ಅವರಲ್ಲಿ ಬಹಳ ಖಚಿತ. ಆದರೆ ನಾನು ಹೇಳುವ ರೀತಿಯ ಬಗ್ಗೆ ಹೇಳದೆ ಬಿಡುತ್ತಿರಲಿಲ್ಲ. "ಅಷ್ಟು ಜೋರಾಗಿ ಕೂಗಬ್ಯಾಡ್ರಿ ಉಪದೇಶಿಗಳೆ. ಮ್ಯಾಲಿರೋನೂ ಕಿವುಡ ಅಲ್ಲ, ಮುಂದೆ ಕೂತೋರೂ ಕಿವುಡರಲ್ಲ" ಎಂದು ಒಮ್ಮೆ ಹೇಳಿದರು. ಇನ್ನೊಮ್ಮೆ, ನಾನು ನರಕದ ಬಗ್ಗೆ ಒಳ್ಳೆಯ ಆವೇಶದಲ್ಲಿದ್ದಾಗ, "ಗೋವಿನಕೋವಿಯಿಂದ ಬಿಸಿಲಾಗೆ ನಡ್ಕೊಂಡು ಬಂದಿರ್ತಾರೆ. ಮತ್ತೂ ಬೆಂಕಿ ವಿಷ್ಯಾನಾ?" ಎಂದರು. ನಾನು ಆ ವಾರದ ಪ್ರಸಂಗವನ್ನೇ ಬದಲಿಸಿದೆ. ನನ್ನ ಪ್ರಸಂಗಗಳು ಸಣ್ಣವಾಗುತ್ತಿವೆ, ಮೆತ್ತಗಾಗುತ್ತಿವೆ ಎಂದು ದೊಡ್ಡ ಅಯ್ಯನವರು, ಅಂದರೆ ನಮ್ಮ ಮೇಲಿನ ಪಾದ್ರಿಗಳು, ಮೆಚ್ಚಿಕೊಂಡಾಗ ಯಾರ ಕೃಪೆ ಎಂದು ನಾನು ಬಾಯಿಬಿಡಲಿಲ್ಲ.

ಭಾನುವಾರ ಹಳ್ಳಿಯವರು ಬರುತ್ತಿದ್ದರು. ಬಾವಿಯ ಬಳಿ ಹಗ್ಗ, ಕೊಡ ಸಿದ್ಧವಾಗಿರುತ್ತಿದ್ದವು. ಒಮ್ಮೊಮ್ಮೆ ಮಕ್ಕಳಿಗೆಂದು ಬೆಲ್ಲ ಹಾಕಿದ ಶ್ಯಾವಿಗೆಯ ತಟ್ಟೆ ಪರದೆಯ ಕೆಳಗಿನಿಂದ ಬರುತ್ತಿತ್ತು. ಓಣಿಯ ಹೆಂಗಸರು ಹಿತ್ತಲ ಬಾಗಿಲಿನಿಂದ ನನ್ನ ಹೆಂಡತಿಯ ಬಳಿ ಬರತೊಡಗಿದ್ದೂ ಇವರಿಂದಲೇ. ಮಕ್ಕಳ ಹುಣ್ಣಿಗೆ ಮುಲಾಮು, ಹೆಣ್ಣುಮಕ್ಕಳಿಗೆ ಹೊಲಿಗೆ. ನಾವು ವರ್ಷಗಟ್ಟಲೆ ಬೀದಿಯಲ್ಲಿ ನಿಂತು ಹಾಡಿದ್ದರೂ ಅಷ್ಟು ಬಾಗಿಲು ತೆರೆಯುತ್ತಿರಲಿಲ್ಲ. ಇವರು ಹಿತ್ತಲಿನಲ್ಲಿ ಕೂತು "ಒಳ್ಳೆ ಹುಡುಗಿ, ಹೋಗ್ರಿ" ಎಂದರು, ಸಾಕಾಯಿತು.

ಈಗ ಆ ಸುಗ್ಗಿ ಹಬ್ಬದ ವಿಷಯ ಹೇಳಬೇಕು.

ಬೆಳೆ ಕೈಗೆ ಬಂದ ಮೇಲೆ ನಮ್ಮ ಸಭೆಗಳಲ್ಲಿ ಒಂದು ಹಬ್ಬ ಮಾಡುತ್ತೇವೆ. ಜನ ತಮ್ಮ ತಮ್ಮ ಫಲ ತರುತ್ತಾರೆ. ಜೋಳ, ಕುಂಬಳಕಾಯಿ, ಕೋಳಿ, ಏನಾದರೂ ಸರಿ. ಪ್ರಾರ್ಥನೆಯಾದ ಮೇಲೆ ಅವನ್ನು ಹೊರಗೆ ಮರದ ಕೆಳಗೆ ಹರಾಜು ಹಾಕುತ್ತಾರೆ. ಪ್ರತಿಯೊಂದನ್ನೂ ಎತ್ತಿಹಿಡಿದು, ಕೊಟ್ಟವರ ಹೆಸರನ್ನು ಎಲ್ಲರಿಗೂ ಕೇಳುವಂತೆ ಕೂಗಿ, ಅವರಿಗಾಗಿ ದೇವರಿಗೆ ಸ್ತೋತ್ರ ಹೇಳುವುದು ಪದ್ಧತಿ. ಹೆಸರಿಲ್ಲದ ಕಾಣಿಕೆ ಇರಬಾರದು ಎಂದು ನಮ್ಮ ಹಿರಿಯರ ಆಸೆ. ಆ ವರ್ಷ ಸುತ್ತಲ ಸಭೆಗಳೆಲ್ಲ ಸೇರಿ ಚನ್ನಗಿರಿಯಲ್ಲಿ ಹಬ್ಬ. ನಾವು ಹೊರಟಾಗ ಬೂಬಮ್ಮ ನನ್ನ ಹೆಂಡತಿಯ ಕೈಗೆ ಒಂದು ಕಟ್ಟು ಕೊಟ್ಟರು. "ಹಬ್ಬಕ್ಕೆ ಬರಿಗೈಲಿ ಹೋಗ್ತಾರೇನು ಬೇಟಿ? ತಗೊಂಡು ಹೋಗು" ಎಂದರು. ಒಳ್ಳೆಯ ಸಣ್ಣ ಎಳೆಯ ಶ್ಯಾವಿಗೆ.

ಮರದ ಕೆಳಗೆ ದೊಡ್ಡ ಅಯ್ಯನವರು ಆ ಕಟ್ಟು ಎತ್ತಿದರು. ಯಾರದು ಎಂದು ನನ್ನ ಹೆಂಡತಿಯನ್ನು ಕೇಳಿದರು. ಅವಳು ಹೇಳಿದಳು. ಅಯ್ಯನವರ ಮುಖ ಅರಳಿತು. ಒಳ್ಳೆಯ ಮನುಷ್ಯ, ಮಗುವಿನ ಮನಸ್ಸು, ಸಂತೋಷವಾದರೆ ತಡೆದುಕೊಳ್ಳಲಾರರು. ಬೂಬಮ್ಮನ ಪೂರ್ತಿ ಹೆಸರು ಹಿಡಿದು, ಊರು ಹೇಳಿ, ದೇವರು ಈ ಮುಸಲ್ಮಾನ ವಿಧವೆಯ ಹೃದಯದ ಬಾಗಿಲು ತೆರೆಯುತ್ತಿದ್ದಾನೆ, ಆಕೆ ಬೇಗ ನಮ್ಮ ಮಂದೆಯೊಳಗೆ ಬರುವಂತೆ ಎಲ್ಲರೂ ಪ್ರಾರ್ಥಿಸೋಣ ಎಂದುಬಿಟ್ಟರು. ಎಲ್ಲರೂ ತಲೆ ಬಗ್ಗಿಸಿದರು. ಹರಾಜು ನೋಡಲು ಬಜಾರಿನ ಜನವೂ ನಿಂತಿದ್ದರು. ಅವರಲ್ಲಿ ನ್ಯಾಮತಿಯ ಒಬ್ಬ ಬಟ್ಟೆ ವ್ಯಾಪಾರಿಯೂ ಇದ್ದ. ನಾವು ಊರು ಸೇರುವ ಮೊದಲೇ ಸುದ್ದಿ ಊರು ಸೇರಿತ್ತು.

ಆ ಶುಕ್ರವಾರ ನಮಾಜ್ ಮುಗಿದ ಮೇಲೆ ಮಸೀದಿಯ ಆಡಳಿತ ನೋಡುವ ಮುತವಲ್ಲಿ ಸಾಹೇಬರು, ಇನ್ನಿಬ್ಬರು ಹಿರಿಯರು ಬಂದು ಜಗಲಿಯ ಮೇಲೆ ಕೂತರು. ನನ್ನನ್ನೂ ಅಲ್ಲೇ ಇರಲು ಹೇಳಿದರು. ಮುತವಲ್ಲಿಗಳು ಗಡುಸಾದವರು, ಆದರೆ ಕೆಟ್ಟವರಲ್ಲ. ಜಮಾತಿನ ಭಾರ ಹೆಗಲ ಮೇಲಿದ್ದವರು. ಪರದೆಯ ಕಡೆ ಮುಖ ತಿರುಗಿಸದೆ ಮಾತಾಡಿದರು.

"ಶ್ಯಾವಿಗೆ ಕೊಟ್ಟಿದ್ದು ಹೌದೇನಮ್ಮ?"

"ಹೌದು."

"ಅವರ ದೇವರ ಕಾರ್ಯಕ್ಕೆ?"

"ಅವರ ಹಬ್ಬಕ್ಕೆ. ಮೊಹರಂನಾಗೆ ಊರ ಗೌಡ್ರು ಅಲಾವಿ ಕುಣಿ ಮುಂದೆ ನಿಂತು ಸಕ್ಕರೆ ಓದಿಸ್ತಾರೆ. ಮಾರನೆ ದಿನ ನೀವು ಅವರ ಮನಿಗೆ ಹೋಗಿ, ಗೌಡ್ರೆ, ಕಲ್ಮಾ ಓದಿ ಮುಸಲ್ಮಾನರು ಯಾವಾಗ ಆಗ್ತೀರಿ ಅಂತ ಕೇಳಿದ್ರಾ?"

ಹಿರಿಯರಲ್ಲಿ ಒಬ್ಬರು ಗಡ್ಡದೊಳಗೆ ನಕ್ಕರು. ಮುತವಲ್ಲಿಗಳು ನಗಲಿಲ್ಲ.

"ಜನ ಮಾತಾಡ್ತಾರಮ್ಮ. ನೀನು ಅವರ ಕಡೆ ಹೊಂಟೀಯ ಅಂತಾರೆ."

"ಇಷ್ಟು ವರ್ಸ ಈ ಗೋಡೆ ಆಚೆ ಅವರ ಹಾಡು ಕೇಳೀನಿ. ಒಂದು ಹೊತ್ತಿನ ನಮಾಜ್ ಬಿಟ್ಟಿಲ್ಲ. ನನ್ನ ಈಮಾನ್ ಅಷ್ಟು ಸಡಿಲ ಅಂತ ತಿಳ್ಕೊಂಡ್ರಾ ಭಾಯಿ?"

"ನಾನು ತಿಳ್ಕೊಂಡಿಲ್ಲ. ಆದ್ರೆ ಇವರನ್ನ ಬಿಡಿಸು. ಇಲ್ಲಾಂದ್ರೆ ಜಮಾತ್ ಸುಮ್ನಿರಲ್ಲ. ಗಂಡ ಇಲ್ಲ, ಮಕ್ಕಳಿಲ್ಲ. ನಾಳೆ ನಿನ್ನ ಮಯ್ಯತ್ ಎತ್ತಾಕೆ ಯಾರು ಬರ್ತಾರೆ, ಯೋಚ್ನೆ ಮಾಡು."

ಒಂಟಿ ಹೆಂಗಸಿಗೆ ಇದಕ್ಕಿಂತ ದೊಡ್ಡ ಹೆದರಿಕೆ ಹಾಕಲು ಸಾಧ್ಯವಿಲ್ಲ. ನಾನು ಎದ್ದು ನಿಂತೆ. "ಸಾಹೇಬರೆ, ನಾವೇ ಖಾಲಿ ಮಾಡ್ತೀವಿ. ಅವರಿಗೆ ತೊಂದ್ರೆ ಬ್ಯಾಡ" ಎಂದೆ. ನಾವು ಹೋದರೆ ಊರಿನಲ್ಲಿ ಬೇರೆ ಮನೆ ಸಿಗುವುದಿಲ್ಲ, ಅಲ್ಲಿಯ ಕೆಲಸ ಮುಗಿಯಿತು ಎಂದು ಗೊತ್ತಿದ್ದೇ ಹೇಳಿದೆ.

"ಉಪದೇಶಿಗಳೆ, ಕೂತ್ಕೊಳ್ರಿ" ಎಂದಿತು ಪರದೆ. ಅಷ್ಟು ಗಡುಸಾಗಿ ಅವರು ಎಂದೂ ನನ್ನೊಡನೆ ಮಾತಾಡಿರಲಿಲ್ಲ. "ನೀವೀಗ ಹೋದ್ರೆ, ತಪ್ಪು ಮಾಡಿದ್ಲು, ತಿದ್ಕೊಂಡ್ಲು ಅಂತಾರೆ. ನಾನು ತಪ್ಪು ಮಾಡಿಲ್ಲ. ಪಕ್ಕದ ಮನೆ ಹಬ್ಬಕ್ಕೆ ಶ್ಯಾವಿಗೆ ಕೊಟ್ಟೀನಿ. ಮಯ್ಯತ್ ಮಾತೇನು ಭಾಯಿ? ಹೂಳೋದು ಉಳಿದೋರ ಕೆಲಸ, ಸತ್ತೋಳ ಕೆಲಸ ಅಲ್ಲ. ನಿಮಗೆ ಬ್ಯಾಡ ಅನಿಸಿದ್ರೆ ಬರಬ್ಯಾಡ್ರಿ. ಇವರು ಇಲ್ಲೇ ಇರ್ತಾರೆ."

ಮುತವಲ್ಲಿಗಳು ಎದ್ದು ಚಪ್ಪಲಿ ಮೆಟ್ಟಿದರು.

ಜಮಾತಿನಿಂದ ಹೊರಗೆ ಹಾಕಿದ್ದೇವೆ ಎಂದು ಯಾರೂ ಸಾರಲಿಲ್ಲ. ಶ್ಯಾವಿಗೆ ಕೊಳ್ಳುವುದನ್ನು ಮಾತ್ರ ನಿಲ್ಲಿಸಿದರು. ರಂಜಾನ್ ಬಂತು. ಮುಂಚೆಲ್ಲ ಆ ತಿಂಗಳಲ್ಲಿ ಹಿತ್ತಲಿನ ಕೋಲುಗಳ ಮೇಲೆ ಜಾಗವೇ ಇರುತ್ತಿರಲಿಲ್ಲ. ಆ ವರ್ಷ ಒಂದು ಮನೆಯಿಂದಲೂ ಹೇಳಿಕೆ ಬರಲಿಲ್ಲ. ಅವರು ಎಂದಿನಂತೆ ಹಿಟ್ಟು ಕಲಸಿದರು, ಎಂದಿನಂತೆ ಎಳೆದರು, ಒಣಗಿಸಿದರು. ನನ್ನ ಹೆಂಡತಿ ಅದನ್ನೆಲ್ಲ ಕೊಂಡು ತಂದಳು. ಆ ವರ್ಷ ನಮ್ಮ ಮನೆಯಲ್ಲಿ ಬೆಳಗ್ಗೆ ಶ್ಯಾವಿಗೆ, ಸಂಜೆ ಶ್ಯಾವಿಗೆ, ಭಾನುವಾರ ಬಂದವರಿಗೆಲ್ಲ ಶ್ಯಾವಿಗೆ. ನನ್ನ ಮಗಳಿಗೆ ಹಲ್ಲು ಬಂದದ್ದೇ ಶ್ಯಾವಿಗೆಯಲ್ಲಿ. ನಾನು ಊಟಕ್ಕೆ ಮೊದಲು ಸ್ತೋತ್ರ ಹೇಳಲು ಕಣ್ಣು ಮುಚ್ಚಿದರೆ ಯಾರೂ ಕೊಳ್ಳಲು ಬಾರದ ಆ ಹಿತ್ತಲ ಬಾಗಿಲೇ ಎದುರು ಬರುತ್ತಿತ್ತು. ಒಬ್ಬ ಹೆಂಗಸು ತನ್ನ ಜನರನ್ನೆಲ್ಲ ದೂರ ಮಾಡಿಕೊಂಡು, ತಾನು ನಂಬದ ದೇವರ ಕೆಲಸದವರಿಗೆ ಸೂರು ಕೊಟ್ಟಿದ್ದಾಳೆ. ಇಷ್ಟು ದೊಡ್ಡದನ್ನು ಪಡೆದು ಸುಮ್ಮನೆ ತಿನ್ನುವುದು ಸುಲಭವಲ್ಲ.

ಗಂಟು ಸಡಿಲಗೊಂಡದ್ದು ಹೆಂಗಸರಿಂದ. ಮರುವರ್ಷದ ರಂಜಾನ್‌ಗೆ ಮೊದಲು ಮುತವಲ್ಲಿಗಳ ಹೆಂಡತಿ ಹಿತ್ತಲ ಬಾಗಿಲಿನಿಂದ ಬಂದರು. ಹಿಂದಿನ ವರ್ಷ ಬೇರೆ ಕಡೆಯಿಂದ ಶ್ಯಾವಿಗೆ ತರಿಸಿದ್ದರಂತೆ. ಹಬ್ಬದ ದಿನ ಮುತವಲ್ಲಿಗಳು ಒಂದು ತುತ್ತು ಬಾಯಿಗಿಟ್ಟು, ಇದು ಶ್ಯಾವಿಗೆಯೋ ಸೆಣಬಿನ ಹಗ್ಗವೋ ಎಂದು ಬಟ್ಟಲು ಸರಿಸಿಬಿಟ್ಟರಂತೆ. "ನಾನು ಬಂದಿದ್ದು ಅವರಿಗೆ ಗೊತ್ತಿಲ್ಲ" ಎಂದು ಹೇಳಿ ಆಕೆ ಒಂದು ದೊಡ್ಡ ಕಟ್ಟು ಒಯ್ದರು. ಆಮೇಲೆ ಒಂದೊಂದೇ ಮನೆ ಬಂತು. ಮುತವಲ್ಲಿಗಳು ಮಾತ್ರ ಆ ಓಣಿಯಲ್ಲಿ ಬಂದರೆ ನಮ್ಮ ಜಗಲಿ ಕಾಣದವರಂತೆ ಹೋಗುತ್ತಿದ್ದರು.

ಯುದ್ಧದ ಕಾಲದಲ್ಲಿ ನಮ್ಮನ್ನು ಜಗಳೂರಿಗೆ ವರ್ಗ ಮಾಡಿದರು. ಹೊರಡುವ ದಿನ ನಾನು ಪರದೆಯ ಮುಂದೆ ನಿಂತು, ರಾತ್ರಿಯೆಲ್ಲ ಜೋಡಿಸಿಟ್ಟುಕೊಂಡಿದ್ದ ಮಾತುಗಳನ್ನು ಹೇಳಲು ಬಾಯಿ ತೆರೆದೆ.

"ಶುಕ್ರಿಯಾ ಹೇಳಾಕೆ ಬಂದ್ರಾ?"

"ಹೌದಮ್ಮ."

"ಬ್ಯಾಡ್ರಿ. ನಿಮ್ಮೋರು ಒಂದ್ಸಲ ಹೇಳಿದ್ದಕ್ಕೇ ಒಂದು ವರ್ಸ ನನ್ನ ಶ್ಯಾವಿಗೆ ಹೋಗ್ಲಿಲ್ಲ." ಆಮೇಲೆ ದನಿ ಮೆತ್ತಗಾಯಿತು. "ಮಗೀನ ಚೆನ್ನಾಗಿ ನೋಡ್ಕೊಳ್ರಿ. ನನ್ನ ಹೆಸರು ಮಾತ್ರ ಯಾರ ಮುಂದೂ ಎತ್ತಬ್ಯಾಡ್ರಿ."

ಎತ್ತಿಲ್ಲ. ಇಲ್ಲಿಯೂ ಬರೆಯುವುದಿಲ್ಲ; ಬೂಬಮ್ಮ ಎಂಬುದು ಮುಸಲ್ಮಾನ ಹೆಂಗಸರನ್ನೆಲ್ಲ ಊರು ಕರೆಯುವ ಹೆಸರು. ಜಗಳೂರಿನಲ್ಲಿಯೂ ನಮಗೆ ಆಸರೆಯಾದವರಿದ್ದರು. ಸೊಕ್ಕೆಯ ಒಂದು ರೈತರ ಮನೆಯವರು ಗಾಡಿ ಕೊಡುತ್ತಿದ್ದರು. ಬಿಳಿಚೋಡಿನ ಕುರಿಗಾಹಿಗಳು ಒಮ್ಮೆ ನನ್ನ ಮಗಳ ಜ್ವರಕ್ಕೆ ಕಂಬಳಿ ಹೊದಿಸಿ, ಹಾಲು ಕುಡಿಸಿ ಕಳಿಸಿದರು. ಅವರಿಗೆಲ್ಲ ದೇವರ ಮುಂದೆ ಕೃತಜ್ಞತೆ ಹೇಳುತ್ತೇನೆ. ಕೊನೆಯಲ್ಲಿ ಒಂದು ಕ್ಷಣ ಸುಮ್ಮನಿರುತ್ತೇನೆ. ಅದು ಯಾರಿಗೆಂದು ನನ್ನ ಹೆಂಡತಿಗೆ ಮಾತ್ರ ಗೊತ್ತು.

ಸ್ವಾತಂತ್ರ್ಯ ಬಂದ ಮೇಲೆ ನಾವು ಹೊನ್ನಾಳಿಯಲ್ಲಿದ್ದೆವು. ಒಂದು ಬೆಳಗ್ಗೆ ಸೈಕಲ್ ಮೇಲೆ ಒಬ್ಬರು ಬಂದು, ಬೂಬಮ್ಮ ನಸುಕಿನ ಫಜರ್ ನಮಾಜ್ ಆದ ಮೇಲೆ ತೀರಿಕೊಂಡರು, ಮುತವಲ್ಲಿ ಸಾಹೇಬರು ನಿಮಗೆ ಹೇಳಿ ಬಾ ಅಂದ್ರು ಎಂದರು. ನನ್ನ ಹೆಂಡತಿ ಒಲೆ ಆರಿಸಿ ಎದ್ದಳು. ಸಿಕ್ಕಿದ ಗಾಡಿ ಹಿಡಿದು ನ್ಯಾಮತಿ ಸೇರಿದೆವು. ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ: ಎತ್ತಲು ಜನ ಬಂದಿರುತ್ತಾರೋ ಇಲ್ಲವೋ.

ಓಣಿ ತುಂಬಿತ್ತು. ಮಸೀದಿಯವರಷ್ಟೇ ಅಲ್ಲ, ಗೋವಿನಕೋವಿ ಕಡೆಯ ನಮ್ಮವರೂ ತಲೆಗೆ ಬಟ್ಟೆ ಸುತ್ತಿ ಗೋಡೆಗೆ ಒರಗಿ ನಿಂತಿದ್ದರು. ನನ್ನ ಹೆಂಡತಿ ಹಿತ್ತಲ ಬಾಗಿಲಿನಿಂದ ಒಳಗೆ ಹೋದಳು. ನಾನು ಹೊರಗೆ ಉಳಿದೆ. ಮಧ್ಯಾಹ್ನದ ಮೇಲೆ ಹಸಿರು ಚಾದರ ಹೊದಿಸಿದ ಜನಾಜಾ, ಶವ ಹೊರುವ ಮಂಚ, ಹೊರಗೆ ಬಂತು. ಮುತವಲ್ಲಿಗಳು ತುಂಬ ಮುದುಕರಾಗಿದ್ದರು. ಎಷ್ಟೋ ವರ್ಷಗಳ ಮೇಲೆ ಮೊದಲ ಸಲ ನನ್ನ ಮುಖ ನೋಡಿ, ಮುಂದಿನ ಗಳುವನ್ನು ತೋರಿಸಿದರು.

"ಬರ್ರಿ ಉಪದೇಶಿಗಳೆ. ಹಿಡೀರಿ."

ಹೆಗಲು ಕೊಟ್ಟೆ. ಭಾರವೇ ಇರಲಿಲ್ಲ. ಕಲ್ಮಾ ಹೇಳುತ್ತಾ ಜನ ನಡೆದರು. ನಾನು ನನಗೆ ಬರುವ ಪ್ರಾರ್ಥನೆಯನ್ನು ಮನಸ್ಸಿನಲ್ಲೇ ಹೇಳಿಕೊಂಡು ನಡೆದೆ. ಓಣಿ ಮುಗಿಯುವ ಕಡೆ ಹೆಗಲು ಬದಲಿಸುವುದು ವಾಡಿಕೆ. ಹಿಂದಿನಿಂದ ಒಬ್ಬ ಯುವಕ ಬಂದು ನನ್ನ ಕೈಯಿಂದ ಗಳುವನ್ನು ತೆಗೆದುಕೊಳ್ಳಲು ನೋಡಿದ. ಮುತವಲ್ಲಿಗಳು ಅವನ ಭುಜ ಹಿಡಿದು ನಿಲ್ಲಿಸಿದರು.

"ಬಿಡಪ್ಪಾ, ಅವರು ಹೊರಲಿ. ಮನೆಯೋರು ಅವರು."